ಸಭೆ ಬಿಟ್ಟವರ ಜೊತೆ ಊಟ ಬಿಡಿಸಬೇಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕ್ರೈಸ್ತ ಸಭೆಗಳ ಪಾಸ್ಟರ್‌ಗಳಿಗೆ, ಹಿರಿಯರಿಗೆ, ಹಾಗೆಯೇ ಈ ಊರುಗಳ ಎಲ್ಲರಿಗೂ ನಮಸ್ಕಾರ.

ನಾನು ಗದಗದ ಪಕ್ಕದ ಬೆಟಗೇರಿಯಲ್ಲಿ ಹುಟ್ಟಿ ಬೆಳೆದವಳು. ಈಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತ ಬಾಡಿಗೆ ಮನೆಯಲ್ಲಿದ್ದೇನೆ. ಚಿಕ್ಕವಳಿದ್ದಾಗಿನಿಂದ ಬಹಳ ಕಟ್ಟುನಿಟ್ಟಿನ ಒಂದು ಸ್ವತಂತ್ರ ಸಭೆಯಲ್ಲಿ ಇದ್ದೆ. ಕೆಲವು ವರ್ಷಗಳ ಹಿಂದೆ ಅದನ್ನು ಬಿಟ್ಟೆ. ಸಭೆ ಬಿಟ್ಟವರ ಜೊತೆ ಮನೆಯವರು ಕೂತು ಊಟ ಮಾಡಬಾರದು, ಹೆಚ್ಚು ಮಾತಾಡಬಾರದು, ಮದುವೆ-ಮಣ್ಣಿಗೆ ಕರೆಯಬಾರದು ಅಂತ ನಿಮ್ಮಲ್ಲಿ ಹಲವರು ಕಲಿಸುತ್ತೀರಿ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಎಲ್ಲ ಸಭೆಗಳೂ ಹೀಗಿಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ, ಕಥೋಲಿಕ ಚರ್ಚುಗಳಲ್ಲಿ, ಪೆಂತೆಕೋಸ್ತ ಸಭೆಗಳಲ್ಲೂ ದೊಡ್ಡ ಮನಸ್ಸಿನವರನ್ನು ಕಂಡಿದ್ದೇನೆ. ಬೈಬಲಿನ ಒಂದೊಂದು ಅಕ್ಷರವನ್ನೂ ನಾವು ಹೇಳಿದ ಅರ್ಥದಲ್ಲೇ ಒಪ್ಪಬೇಕು, ಒಪ್ಪದವರು ಸೈತಾನನ ಕೈಯಲ್ಲಿದ್ದಾರೆ ಅನ್ನುವ ಸಭೆಗಳ ಬಗ್ಗೆ ನಾನು ಮಾತಾಡುತ್ತಿದ್ದೇನೆ. ನಮ್ಮ ಸಭೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನನ್ನ ಅವ್ವ ಇದ್ದಾಳೆ.

ಇಂಥ ಸಭೆಯೆಂದರೆ ರವಿವಾರ ಎರಡು ತಾಸು ಕೂತು ಬರುವ ಜಾಗ ಅಂತ ಹೊರಗಿನವರು ತಿಳಿದುಕೊಂಡಿರುತ್ತಾರೆ. ಒಳಗಿದ್ದವರಿಗೆ ಅದೇ ಓಣಿ, ಅದೇ ಬಳಗ. ವಾರದ ನಡುವೆ ಮನೆಕೂಟ, ಶುಕ್ರವಾರ ಉಪವಾಸ ಪ್ರಾರ್ಥನೆ, ರವಿವಾರ ಆರಾಧನೆ, ಸಂಜೆ ಹಾಡಿನ ಅಭ್ಯಾಸ. ಅಪ್ಪ ತೀರಿಕೊಂಡಾಗ ಎಷ್ಟೋ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲು ಸಭೆಯವರು ಬಿಡಲಿಲ್ಲ. ಹೊತ್ತುಹೊತ್ತಿಗೆ ಯಾರಾದರೂ ಬುತ್ತಿ ತರುತ್ತಿದ್ದರು. ಅಕ್ಕನ ಮದುವೆಗೆ ಹಣ ಕೂಡಿಸಿಕೊಟ್ಟರು. ಇದನ್ನು ನಾನು ಮರೆತಿಲ್ಲ. ಮರೆಯುವುದೂ ಇಲ್ಲ.

ಆದರೆ ಅದೇ ಹೊತ್ತಿಗೆ ಹೊರಗಿನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತ ಹೋದವು. ದಸರೆಗೆ ಶಾಲೆಯ ಗೆಳತಿಯರು ಬನ್ನಿ ಕೊಡಲು ಬಂದರೆ ಕೈ ಚಾಚಬಾರದು. ಸಂಕ್ರಮಣದ ಕುಸುರೆಳ್ಳು ತಿನ್ನಬಾರದು. ಪಂಚಮಿಯ ಉಂಡಿ ಬೇಡ, ಜೋಕಾಲಿಯೂ ಬೇಡ. ಅವರೆಲ್ಲ ಲೋಕದವರು, ಅಂದರೆ ಸಭೆಯ ಹೊರಗಿನವರು. ಓಲೆ, ಬಳೆ ತೆಗೆಸಿದರು. ಜ್ವರ ಬಂದಾಗ ಗುಳಿಗೆ ತೆಗೆದುಕೊಂಡರೆ ನಂಬಿಕೆ ಸಾಲದು ಅನ್ನುತ್ತಿದ್ದರು. ಹೀಗೆ ಬೆಳೆದ ಹುಡುಗಿ ಒಂದು ದಿನ ಸಭೆ ಬಿಟ್ಟರೆ ಅವಳಿಗೆ ಯಾರು ಉಳಿಯುತ್ತಾರೆ ಹೇಳಿ? ಒಳಗಿನವರು ಮಾತು ಬಿಡುತ್ತಾರೆ. ಹೊರಗಿನವರ ಪರಿಚಯವೇ ಇರುವುದಿಲ್ಲ.

ಯಾಕೆ ಬಿಟ್ಟೆ ಅನ್ನುವುದು ಉದ್ದದ ಕತೆ. ಜಗಳವಾಡಿ ಬಿಟ್ಟದ್ದಲ್ಲ, ಮದುವೆಗಾಗಿ ಬಿಟ್ಟದ್ದಲ್ಲ, ಯಾರದೋ ದುಡ್ಡಿಗಾಗಿಯೂ ಅಲ್ಲ. ಈ ಮೂರೂ ಸುದ್ದಿ ಸಭೆಯಲ್ಲಿ ಹಬ್ಬಿವೆ, ಅದಕ್ಕೇ ಹೇಳಿದೆ. ನನ್ನಲ್ಲಿ ಪ್ರಶ್ನೆಗಳಿದ್ದವು, ಕೇಳಿದೆ. ಕೇಳಬೇಡ ಅಂದರು. ನಂಬಿದ ಹಾಗೆ ತೋರಿಸಿಕೊಂಡು ಅಲ್ಲೇ ಕೂರಲು ನನ್ನಿಂದ ಆಗಲಿಲ್ಲ.

ಈಗ ನಾನು ಊರಿಗೆ ಹೋದರೆ ಅವ್ವ ರೊಟ್ಟಿ ಬಡಿಯುತ್ತಾಳೆ. ನನಗೆ ಸೇರುತ್ತದೆ ಅಂತ ಎಣಗಾಯಿ ಮಾಡಿರುತ್ತಾಳೆ. ತಾಟು ನನ್ನ ಮುಂದೆ ಇಟ್ಟು ಎದ್ದು ಹೋಗುತ್ತಾಳೆ. “ಅವ್ವಾ, ನೀನೂ ಬಾ, ಕೂಡಿ ಉಣ್ಣೋಣು” ಅಂದರೆ “ನೀ ಉಣ್ಣವಾ, ನಾ ಆಮ್ಯಾಲೆ ಉಣ್ತೀನಿ” ಅನ್ನುತ್ತಾಳೆ. ನಾನು ಉಂಡು ಮುಗಿಸುವ ತನಕ ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಇರುತ್ತಾಳೆ. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ, ಹೆದರಿಕೆ ಇದೆ. ನನ್ನ ಜೊತೆ ಉಂಡರೆ ನನ್ನ ಪಾಪದಲ್ಲಿ ಪಾಲು ಬರುತ್ತದೆ ಅಂತ ಅವಳಿಗೆ ಹೇಳಿಕೊಟ್ಟಿದ್ದಾರೆ. ನಾನು ಎಷ್ಟು ಹೇಳಿದರೂ ಆ ಹೆದರಿಕೆ ಹೋಗುವುದಿಲ್ಲ. ಪಾಸ್ಟರ್ ಹೇಳಿದರೆ ಹೋಗುತ್ತದೆ. ಪತ್ರ ನಿಮಗೇ ಬರೆದದ್ದು ಈ ಕಾರಣಕ್ಕೆ.

ನೀವು ಆಧಾರವಾಗಿ ತೋರಿಸುವುದು ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಐದನೇ ಅಧ್ಯಾಯವನ್ನು. ನನಗೂ ಅದು ಬಾಯಿಪಾಠ. ಅಲ್ಲಿ ಪೌಲನು ಯಾರ ಜೊತೆ ಊಟ ಮಾಡಬಾರದು ಅಂತ ಹೇಳುತ್ತಾನೆ. ಜಾರ, ಲೋಭಿ, ವಿಗ್ರಹಾರಾಧಕ, ಬೈಯುವವ, ಕುಡುಕ, ಸುಲಿಗೆ ಮಾಡುವವ. ಅದೂ ಸಹೋದರ ಅನ್ನಿಸಿಕೊಂಡು ಸಭೆಯೊಳಗೇ ಇದ್ದು ಹಾಗೆ ನಡೆಯುವವನ ಬಗ್ಗೆ. ಹೊರಗಿನ ಜನರ ಬಗ್ಗೆ ಹೇಳುತ್ತಿಲ್ಲ, ಹಾಗಿದ್ದರೆ ನೀವು ಲೋಕವನ್ನೇ ಬಿಟ್ಟು ಹೋಗಬೇಕಾಗುತ್ತದೆ ಅನ್ನುವ ಅರ್ಥದ ಮಾತು ಅದರ ಹಿಂದಿನ ವಚನದಲ್ಲೇ ಇದೆ. ಸಂಶಯಪಡುವವರ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಲೋಭಿಯ ಹೆಸರಿದೆ. ಲೋಭಿ ಅಂತ ಯಾರನ್ನಾದರೂ ಊಟದಿಂದ ಎಬ್ಬಿಸಿದ್ದನ್ನು ನಮ್ಮ ಸಭೆಯಲ್ಲಿ ನಾನು ನೋಡಿಲ್ಲ.

ಯೋಹಾನನ ಎರಡನೆಯ ಪತ್ರವನ್ನೂ ಓದುತ್ತೀರಿ. ಬೇರೆ ಉಪದೇಶ ತರುವವರನ್ನು ಮನೆಯೊಳಗೆ ಸೇರಿಸಬೇಡಿ ಅನ್ನುವ ಮಾತು. ಅದು ಊರೂರು ತಿರುಗಿ ಬೋಧಿಸುತ್ತಿದ್ದವರ ಬಗ್ಗೆ. ನಾನು ಅವ್ವನ ಮನೆಗೆ ಬೋಧಿಸಲು ಹೋಗುವುದಿಲ್ಲ. ಅವಳ ಮೊಣಕಾಲು ನೋವು ಹೇಗಿದೆ ಅಂತ ಕೇಳಲು ಹೋಗುತ್ತೇನೆ. ಯೂದನ ಪತ್ರ ಬಹಳ ಚಿಕ್ಕದು, ಒಂದೇ ಅಧ್ಯಾಯ. ಸಂಶಯಪಡುವವರಿಗೆ ಕರುಣೆ ತೋರಿಸಿ ಅಂತ ಅದರ ಇಪ್ಪತ್ತೆರಡನೇ ವಚನದಲ್ಲಿದೆ. ಇಷ್ಟು ವರ್ಷಗಳಲ್ಲಿ ಅದರ ಮೇಲೆ ಪ್ರಸಂಗ ಮಾಡಿದ್ದನ್ನು ನಾನು ಕೇಳಿಲ್ಲ.

ಯೇಸುವಿನ ಶಿಷ್ಯ ತೋಮನ ಕತೆಯನ್ನು ಇನ್ನೊಮ್ಮೆ ಓದಿ ಅಂತ ಕೈಮುಗಿದು ಕೇಳುತ್ತೇನೆ. ಸತ್ತು ಮತ್ತೆ ಎದ್ದ ಕರ್ತ ಯೇಸುವನ್ನು ನೋಡಿದೆವು ಅಂತ ಉಳಿದ ಶಿಷ್ಯರು ಹೇಳಿದಾಗ ತೋಮ ನಂಬಲಿಲ್ಲ. ಗಾಯ ಮುಟ್ಟಿ ನೋಡದೆ ನಂಬುವುದೇ ಇಲ್ಲ ಅಂದ. ಎಂಟು ದಿನಗಳಾದ ಮೇಲೆ ಶಿಷ್ಯರು ಮತ್ತೆ ಒಳಗೆ ಕೂಡಿದ್ದರು, ತೋಮನೂ ಅವರ ಸಂಗಡ ಇದ್ದ ಅಂತ ಯೋಹಾನನ ಸುವಾರ್ತೆಯಲ್ಲಿದೆ. ನಂಬದೇ ಇದ್ದ ಆ ಎಂಟು ದಿನ ಅವನನ್ನು ಯಾರೂ ಹೊರಗೆ ಹಾಕಲಿಲ್ಲ. ಉಣ್ಣುವಾಗ ಯಾರಾದರೂ ಎದ್ದು ಹೋದರು ಅಂತ ಅಲ್ಲಿ ಬರೆದಿಲ್ಲ. ತೋಮನ ಹಾಗೆ ನಾನೂ ಕೊನೆಗೆ ನಂಬುತ್ತೇನೆ ಅಂತ ನಾನು ಮಾತು ಕೊಡಲಾರೆ. ಆದರೆ ಆ ಶಿಷ್ಯರಿಗೂ ಮುಂದೇನಾಗುತ್ತದೆ ಅಂತ ಗೊತ್ತಿರಲಿಲ್ಲ, ಅಲ್ವಾ? ಗೊತ್ತಿಲ್ಲದೆಯೇ ಅವನನ್ನು ಜೊತೆಗೆ ಇಟ್ಟುಕೊಂಡಿದ್ದರು.

ವಚನಗಳ ಮಾತು ಸಾಕು. ನಮ್ಮ ನೆಲದ ಮಾತಿಗೆ ಬರುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ನಮ್ಮ ಬೆಟಗೇರಿಯಲ್ಲಿ ನೆಲೆ ಹಾಕಿದರು. ಆ ಕಾಲದಲ್ಲಿ ಕ್ರೈಸ್ತರಾದವರಿಗೆ ಏನಾಯಿತು ಅಂತ ನಮ್ಮ ಹಳೆಯ ಕ್ರೈಸ್ತ ಮನೆತನಗಳಿಗೆ ಚೆನ್ನಾಗಿ ಗೊತ್ತು. ಜಾತಿಯವರು ಹೊರಗೆ ಹಾಕಿದರು. ಅಣ್ಣ-ತಮ್ಮಂದಿರು ಬಾಗಿಲು ಹಾಕಿಕೊಂಡರು. ಕಸುಬು ಹೋಯಿತು, ಬಾವಿಯ ನೀರೂ ಹೋಯಿತು. ಹೀಗೆ ಜನ ಕಳೆದುಕೊಂಡವರಿಗೆ ಬೋಧನೆ ಮಾತ್ರ ಸಾಲುವುದಿಲ್ಲ, ಮನೆ ಬೇಕು, ಕೆಲಸ ಬೇಕು, ಜೊತೆಗೆ ಕೂತು ಉಣ್ಣುವವರು ಬೇಕು ಅಂತ ಮಿಷನ್‌ನವರಿಗೆ ಅರ್ಥವಾಗಿತ್ತು. ಬೆಟಗೇರಿಯ ಪಕ್ಕದ ಮಲ್ಲಸಮುದ್ರದಲ್ಲಿ ಹೊಸ ಕ್ರೈಸ್ತರಿಗಾಗಿ ಬೇಸಾಯದ ನೆಲೆ ಮಾಡಲು ಹೊರಟದ್ದು ಈ ಕಾರಣಕ್ಕೆ. ಅದು ಹೆಚ್ಚು ಕಾಲ ನಡೆಯಲಿಲ್ಲ. 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ, ಅದಕ್ಕೂ ಹಿಂದಿನ ನೇಯ್ಗೆ ಮನೆಗಳ ಹಿಂದೆಯೂ ಇದೇ ಯೋಚನೆ ಇತ್ತು. ಜಾತಿ ಬಿಟ್ಟು ಕಸುಬು ಕಳೆದುಕೊಂಡವರ ಕೈಗೆ ಕೆಲಸ ಬೇಕಿತ್ತು.

ಅಂದರೆ ನಂಬಿಕೆ ಬದಲಿಸಿದ್ದಕ್ಕೆ ಬಳಗ ಕಳೆದುಕೊಳ್ಳುವ ನೋವು ಏನೆಂದು ಈ ಭಾಗದಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ಕ್ರೈಸ್ತರಿಗೇ. ನಮ್ಮ ಮುತ್ತಜ್ಜನ ಅಣ್ಣಂದಿರು ಅವನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ ಅಂತ ಅಪ್ಪ ಹೇಳುತ್ತಿದ್ದ. ಹೇಳುವಾಗ ಅವನ ಗಂಟಲು ಕಟ್ಟುತ್ತಿತ್ತು. ಆ ಮುತ್ತಜ್ಜನ ಮರಿಮಗಳ ಜೊತೆ ಇವತ್ತು ಅವಳ ಅವ್ವನೇ ಕೂರುತ್ತಿಲ್ಲ. ಅಂದು ನಿಮ್ಮ ಹಿರಿಯರಿಗೆ ಆದ ಅನ್ಯಾಯವನ್ನು ಇಂದು ನಿಮ್ಮ ಕೈಯಿಂದ ಮಾಡಬೇಡಿ.

ಇನ್ನು ಹೆದರಿಕೆಯ ವಿಷಯ. ಮನಸ್ಸು ಸಭೆ ಬಿಟ್ಟರೂ ಮೈ ಬೇಗ ಬಿಡುವುದಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಶಾಲೆಯಿಂದ ಬಂದಾಗ ಮನೆ ತೆರೆದಿತ್ತು, ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಯಾರೂ ಇರಲಿಲ್ಲ. ಕರ್ತನು ಬಂದ, ಸಭೆಯವರೆಲ್ಲ ಸ್ವರ್ಗಕ್ಕೆ ಒಯ್ಯಲ್ಪಟ್ಟರು, ನಾನೊಬ್ಬಳೇ ಉಳಿದೆ ಅಂತ ಕೈಕಾಲು ತಣ್ಣಗಾದವು. ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಅದರಿಂದ ಧೈರ್ಯ ಬರಲಿಲ್ಲ. ಮಗ್ಗದವರು ಲೋಕದವರು, ಅವರು ಹೇಗೂ ಉಳಿಯುವವರೇ. ನಮ್ಮ ಸಭೆಯ ಒಬ್ಬ ಹಿರಿಯ ಸಿಸ್ಟರ್ ಮನೆಗೆ ಓಡಿದೆ. ಅವರು ಹೊರಗೆ ಕೂತು ಅಕ್ಕಿ ಹಸನು ಮಾಡುತ್ತಿದ್ದರು. ಅವರನ್ನು ನೋಡಿದ ಮೇಲೆಯೇ ಉಸಿರು ಬಂತು. ಅವ್ವ ಪಕ್ಕದ ಮನೆಗೆ ಹೋಗಿದ್ದಳು ಅಷ್ಟೇ. ಇಂಥ ಮಕ್ಕಳು ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಇಂಥ ಸಭೆಗಳಲ್ಲಿ ಬೆಳೆದವರೂ ಹೆಚ್ಚುಕಡಿಮೆ ಇದೇ ಕತೆ ಹೇಳುತ್ತಾರೆ.

ಈ ಬೋಧನೆ ಎಲ್ಲಿಂದ ಬಂತು ಅಂತ ತಿಳಿದಾಗ ನನಗೆ ಬಹಳ ಸಮಾಧಾನವಾಯಿತು. ಭಕ್ತರು ಮೊದಲೇ ಗುಟ್ಟಾಗಿ ಒಯ್ಯಲ್ಪಡುತ್ತಾರೆ, ಉಳಿದವರು ಸಂಕಟಕ್ಕೆ ಸಿಕ್ಕುತ್ತಾರೆ ಅನ್ನುವ ಈ ರೂಪದ ಬೋಧನೆಯನ್ನು ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ 1830ರ ದಶಕದಲ್ಲಿ ಹರಡಿದ. ಧಾರವಾಡಕ್ಕೆ ಮಿಷನ್‌ನವರು ಬಂದ ಕಾಲವೂ ಹೆಚ್ಚುಕಡಿಮೆ ಅದೇ. ಕಟ್ಟಾ ನಂಬಿಕೆಯ ಮೂಲಾಂಶಗಳನ್ನು ಪಟ್ಟಿ ಮಾಡಿ ಹನ್ನೆರಡು ಸಂಪುಟಗಳನ್ನು ಅಮೆರಿಕದಲ್ಲಿ ಹಂಚಿದ್ದು 1910ರಿಂದ 1915ರ ನಡುವೆ. ಇದನ್ನೆಲ್ಲ ಒಪ್ಪದೆ ಕ್ರಿಸ್ತನನ್ನು ನಂಬಿದವರು ಅದಕ್ಕೂ ಮೊದಲು ನೂರಾರು ವರ್ಷ ಇದ್ದರು, ಈಗಲೂ ಇದ್ದಾರೆ. ನೀವು ಇದನ್ನು ನಂಬುವುದಾದರೆ ನಂಬಿ. ಆದರೆ ಎಂಟು ವರ್ಷದ ಮಗುವಿಗೆ ಇದನ್ನು ಹೇಳಿ ಮಲಗಿಸಬೇಡಿ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ವೈದ್ಯರಿಗೆ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕೂತು ಫೋನ್ ಎತ್ತುವವರಿಗೆ, ಜಿಲ್ಲಾ ಆಸ್ಪತ್ರೆಗಳ ಆಪ್ತಸಮಾಲೋಚಕರಿಗೆ ಒಂದು ಕೋರಿಕೆ. ನರಕದ ಕನಸು ಬಿದ್ದು ರಾತ್ರಿ ಎದ್ದು ಕೂರುತ್ತೇನೆ ಅಂತ ಒಬ್ಬರು ಹೇಳಿದರೆ “ದೇವರ ಮೇಲೆ ಭಾರ ಹಾಕಿ, ಎಲ್ಲ ಸರಿಹೋಗುತ್ತದೆ” ಅನ್ನಬೇಡಿ. ನಮಗೆ ಹೆದರಿಕೆ ಬರುವುದೇ ಆ ಮಾತಿನಿಂದ. ಮಿಷನರಿಗಳ ಮಗಳಾಗಿ ಬೆಳೆದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮರ್ಲೀನ್ ವಿನೆಲ್ 2011ರಲ್ಲಿ ಈ ಸ್ಥಿತಿಗೆ ಧಾರ್ಮಿಕ ಆಘಾತ ಎಂಬ ಅರ್ಥದ ಹೆಸರು ಕೊಟ್ಟರು. ರೋಗಗಳ ಅಧಿಕೃತ ಪಟ್ಟಿಯಲ್ಲಿ ಅದು ಇನ್ನೂ ಸೇರಿಲ್ಲ. ಹೆಸರು ಯಾವುದಾದರೂ ಇರಲಿ, ನಮ್ಮ ಮಾತನ್ನು ಪೂರ್ತಿ ಕೇಳಿ, ನಿದ್ದೆಗೆ, ಗಾಬರಿಗೆ ಬೇಕಾದ ಚಿಕಿತ್ಸೆ ಕೊಡಿ. ನನಗೆ ಸಿಕ್ಕ ವೈದ್ಯೆಯೊಬ್ಬರು ಹಾಗೇ ಮಾಡಿದರು. ಅವರು ನನ್ನ ನಂಬಿಕೆಯನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. ಯಾವಾಗಿನಿಂದ ನಿದ್ದೆ ಇಲ್ಲ ಅಂತ ಕೇಳಿದರು.

ಸಭೆ ಬಿಟ್ಟ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹಾಡು. ದೇವರಿಲ್ಲದೆ ದಿನ ಕಳೆಯಬಹುದು ಅಂತ ಗೊತ್ತಾಯಿತು, ನಾಲ್ಕು ಜನರ ಜೊತೆ ಕೂತು ಹಾಡದೆ ಕಳೆಯಲು ಆಗಲಿಲ್ಲ. ರವಿವಾರ ಬೆಳಿಗ್ಗೆ ಹತ್ತು ಗಂಟೆ ಆದರೆ ಎದೆ ಒದ್ದಾಡುತ್ತಿತ್ತು. ಆಫೀಸಿನ ಗೆಳತಿಯೊಬ್ಬಳು ಶಿಗ್ಗಾವಿ ತಾಲೂಕಿನ ತನ್ನ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ಸಂಜೆ ಶರೀಫರ ತತ್ವಪದ ಹಾಡುವ ಮೇಳವಿತ್ತು. ಶಿಶುನಾಳ ಅಲ್ಲಿಂದ ದೂರವಿಲ್ಲ. 1819ರಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿಕೊಂಡು, ಎರಡೂ ಕಡೆಯವರ ಸಿಟ್ಟು ಉಂಡವರು ಶರೀಫರು ಅಂತ ನಮ್ಮ ಕಡೆ ಹೇಳುತ್ತಾರೆ. ನಾನು ಮೂಲೆಯಲ್ಲಿ ಕೂತಿದ್ದೆ. ಒಬ್ಬ ಅಜ್ಜ ತಾಳ ತಂದು ನನ್ನ ಕೈಗೆ ಕೊಟ್ಟ. ಯಾವ ಊರು ಅಂತ ಕೇಳಿದ. ಯಾವ ಜಾತಿ, ಯಾವ ದೇವರು ಅಂತ ಕೇಳಲಿಲ್ಲ. ಅವತ್ತು ಬಹಳ ಹೊತ್ತು ಹಾಡಿದೆ.

ಹಾಗೇ ಒಬ್ಬೊಬ್ಬರಾಗಿ ಸಿಕ್ಕರು. ಮನೆ ಮಾಲೀಕರ ಮನೆಯವರು ಎಳ್ಳಮಾವಾಸ್ಯೆಗೆ ಅಣ್ಣಿಗೇರಿ ಹತ್ತಿರದ ತಮ್ಮ ಹೊಲಕ್ಕೆ ಕರೆದೊಯ್ದರು. ಚರಗ ಚೆಲ್ಲುವಾಗ ನಾನು ದೂರ ನಿಂತೆ, ಅವರು ಒತ್ತಾಯ ಮಾಡಲಿಲ್ಲ. ಊಟಕ್ಕೆ ಮಾತ್ರ ಎಲ್ಲರ ನಡುವೆ ಕೂರಿಸಿದರು. ಆಮೇಲೆ ನನ್ನ ಹಾಗೇ ಬೇರೆ ಬೇರೆ ಸಭೆಗಳನ್ನು ಬಿಟ್ಟವರು ಸಿಕ್ಕರು. ಒಬ್ಬ ಹಾವೇರಿಯವನು, ಪಾಸ್ಟರ್ ಮಗ. ಇಬ್ಬರು ಅಕ್ಕ-ತಂಗಿಯರು ಧಾರವಾಡದವರು. ಈಗ ರವಿವಾರ ಬೆಳಿಗ್ಗೆ ಉಣಕಲ್ ಕೆರೆ ದಂಡೆಯಲ್ಲಿ ಸೇರುತ್ತೇವೆ. ನಮ್ಮಲ್ಲಿ ಒಬ್ಬರು ಈಗಲೂ ಪ್ರಾರ್ಥನೆ ಮಾಡುತ್ತಾರೆ. ಒಬ್ಬರು ಬೇರೆ ಚರ್ಚಿಗೆ ಹೋಗುತ್ತಾರೆ. ಇಬ್ಬರು ಯಾವುದನ್ನೂ ನಂಬುವುದಿಲ್ಲ. ಯಾರೂ ಯಾರನ್ನೂ ತಮ್ಮ ಕಡೆಗೆ ಎಳೆಯಬಾರದು ಅನ್ನುವುದು ನಮ್ಮ ಕಟ್ಟಳೆ. ಕೆಲಸದ ಮಾತು, ಮನೆ ಬಾಡಿಗೆ ಮಾತು, ಯಾರ ತಂಗಿಯ ಮದುವೆಗೆ ಯಾರನ್ನು ಕರೆಯಲಿಲ್ಲ ಅನ್ನುವ ಮಾತು. ಒಬ್ಬರು ಅತ್ತರೆ ಉಳಿದವರು ಸುಮ್ನೆ ಕೂರುತ್ತೇವೆ.

ಈ ಪತ್ರವನ್ನು ಓದಿ ಖುಷಿಪಡುವ ಬೇರೆ ಕೆಲವರಿದ್ದಾರೆ. ಅವರಿಗೂ ಹೇಳಬೇಕು. ನಾನು ಸಭೆ ಬಿಟ್ಟ ಸುದ್ದಿ ತಿಳಿದು ಶಾಲು ಹೊದಿಸಿ ಫೋಟೋ ತೆಗೆಸೋಣ ಅಂತ ಬಂದವರಿದ್ದರು. ನಾನು ಬೇಡ ಅಂದೆ. ನಾನು ಯಾರ ಗೆಲುವೂ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಪ್ರಾರ್ಥನಾ ಮಂದಿರಕ್ಕೆ ನುಗ್ಗಿ ಭಜನೆ ಮಾಡಿದ ಸುದ್ದಿ ನಿಮಗೆ ನೆನಪಿರಬಹುದು. ಅಂಥದ್ದೇನಾದರೂ ಆದಾಗ ಒಳಗಿನವರು ಇನ್ನಷ್ಟು ಒಳಗೆ ಸರಿಯುತ್ತಾರೆ. ಹೊರಗೆ ಹೋಗಬೇಕು ಅಂದುಕೊಂಡಿದ್ದ ಹುಡುಗಿಯೂ ಈಗ ಬಿಟ್ಟರೆ ದ್ರೋಹವಾಗುತ್ತದೆ ಅಂತ ಅಲ್ಲೇ ಉಳಿಯುತ್ತಾಳೆ. ಮನಸ್ಸಾಕ್ಷಿಯ ಸ್ವಾತಂತ್ರ್ಯ ಸಂವಿಧಾನದ 25ನೇ ವಿಧಿಯಲ್ಲಿದೆ. ಸಭೆಗೆ ಸೇರುವ ನನ್ನ ಅವ್ವನಿಗೂ ಅದು ಇದೆ, ಬಿಟ್ಟು ಬಂದ ನನಗೂ ಇದೆ. ನನ್ನ ಅವ್ವ ಪ್ರಾರ್ಥನೆಗೆ ಹೋಗುವ ದಾರಿಯಲ್ಲಿ ಯಾರಾದರೂ ಅಡ್ಡ ನಿಂತರೆ ಅವಳ ಪರವಾಗಿ ಮೊದಲು ನಿಲ್ಲುವವಳು ನಾನೇ.

ಸಭೆ ಬಿಡಬೇಕೋ ಬೇಡವೋ ಅಂತ ಒಳಗೊಳಗೇ ನರಳುತ್ತಿರುವ ತಂಗಿ, ತಮ್ಮ, ನಿಮಗೂ ಸ್ವಲ್ಪ ಹೇಳುತ್ತೇನೆ. ಅವಸರ ಮಾಡಬೇಡಿ. ಸಭೆಯವರ ಮನೆಯಲ್ಲಿದ್ದರೆ, ಸಭೆಯವರ ಅಂಗಡಿಯಲ್ಲಿ ಕೆಲಸಕ್ಕಿದ್ದರೆ, ಮೊದಲು ಬೇರೆ ಕೆಲಸ ಮತ್ತು ಇರಲು ಜಾಗ ನೋಡಿಕೊಳ್ಳಿ. ಅಂಕಪಟ್ಟಿ, ಆಧಾರ್ ಕಾರ್ಡ್, ಬ್ಯಾಂಕ್ ಪುಸ್ತಕ ನಿಮ್ಮ ಕೈಯಲ್ಲಿರಲಿ. ಹೊರಗೆ ಒಬ್ಬರನ್ನಾದರೂ ಗೆಳೆಯರನ್ನಾಗಿ ಮಾಡಿಕೊಂಡ ಮೇಲೆ ಹೊರಡಿ. ಪಾಸ್ಟರ್ ಇಲ್ಲದೆ ಮದುವೆ ಹೇಗೆ ಅನ್ನುವ ಚಿಂತೆ ಬೇಡ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಯಾವ ಧರ್ಮದ ವಿಧಿಯೂ ಇಲ್ಲದೆ, ಮೂವತ್ತು ದಿನದ ನೋಟಿಸ್ ಕೊಟ್ಟು, ನೋಂದಣಿ ಮಾಡಿಸಬಹುದು. ಸಾಯಬೇಕು ಅನ್ನಿಸಿದರೆ, ರಾತ್ರಿ ಎಷ್ಟೊತ್ತಾದರೂ ಸರಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಲ್ಲವನ್ನೂ ಒಂದೇ ದಿನ ನಿರ್ಧರಿಸಬೇಕಾಗಿಲ್ಲ. ದೇವರು ಇದ್ದಾನೋ ಇಲ್ಲವೋ ಅನ್ನುವುದನ್ನು ಆಮೇಲೆ ನಿಧಾನಕ್ಕೆ ಯೋಚಿಸಬಹುದು.

ಪಾಸ್ಟರ್‌ಗಳೇ, ಹಿರಿಯರೇ, ನಿಮ್ಮ ಬೋಧನೆ ಬದಲಿಸಿ ಅಂತ ನಾನು ಕೇಳುತ್ತಿಲ್ಲ. ನನ್ನನ್ನು ಮತ್ತೆ ಸೇರಿಸಿಕೊಳ್ಳಿ ಅಂತಲೂ ಕೇಳುತ್ತಿಲ್ಲ. ನನಗಾಗಿ ಪ್ರಾರ್ಥನೆ ಮಾಡುವುದಾದರೆ ಮಾಡಿ, ನನ್ನ ಹೆಸರು ಹಿಡಿದು ವೇದಿಕೆಯ ಮೇಲಿಂದ ಮಾತ್ರ ಬೇಡ. ಬರುವ ರವಿವಾರ ಆರಾಧನೆ ಮುಗಿದು ಪ್ರಕಟಣೆಗಳನ್ನು ಓದುವಾಗ ಇದನ್ನೂ ಓದಿ: “ಸಭೆ ಬಿಟ್ಟು ಹೋದ ಮಕ್ಕಳು, ಅಕ್ಕ-ತಂಗಿಯರು, ಅಣ್ಣ-ತಮ್ಮಂದಿರು ಮನೆಗೆ ಬಂದರೆ ಅವರ ಜೊತೆ ಕೂತು ಊಟ ಮಾಡಿ. ಅದರಲ್ಲಿ ಪಾಪವಿಲ್ಲ.” ಬೆಟಗೇರಿಯಲ್ಲಿ ಇದನ್ನು ಕೇಳಿಸಿಕೊಳ್ಳಲು ನನ್ನ ಅವ್ವ ಹೆಂಗಸರ ಕಡೆಯ ಮುಂದಿನ ಸಾಲಿನಲ್ಲೇ ಕೂತಿರುತ್ತಾಳೆ. ಜೋರಾಗಿ ಓದಿ, ಅವಳಿಗೆ ಈಗ ಕಿವಿ ಸ್ವಲ್ಪ ಮಂದವಾಗಿದೆ.

ಇಂತಿ,
ನಿಮ್ಮ ನಡುವೆಯೇ ಬೆಳೆದ ಬೆಟಗೇರಿಯ ಮಗಳು